ತಾಳಮದ್ದಳೆಯಲ್ಲಿ ನಿಂದೆಯನ್ನು ಕೇಳುವ ಬಗೆ

ತಾಳಮದ್ದಳೆಗೆ ಹೊಸಬರಾದವರು ಯಾವ ಪ್ರಸಂಗದಿಂದ ಶುರುಮಾಡಬೇಕು ಎಂದು ಕೇಳಿದರೆ ನಾನು ‘ಗಾಂಡೀವ ನಿಂದನೆ’ಯನ್ನು ಹೇಳುತ್ತೇನೆ. ‘ಕೃಷ್ಣ ಸಂಧಾನ’, ‘ವಾಲಿವಧೆ’ಗಳಿಗೆ ಜನ ಹೆಚ್ಚು ಸೇರುತ್ತಾರೆ, ನಿಜ. ಆದರೆ ಕರ್ತವ್ಯ, ಮಾನ, ಅವಮಾನ ಈ ಮೂರೂ ಒಂದೇ ಬಿಡಾರದೊಳಗೆ, ಒಂದೇ ತಾಯಿಯ ಮಕ್ಕಳ ನಡುವೆ ಹೀಗೆ ತೊಡರಿಕೊಂಡ ಸಂದರ್ಭ ಮಹಾಭಾರತದಲ್ಲೂ ವಿರಳ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ತಾಳ ಹಿಡಿದು ಪದ್ಯ ಹಾಡುತ್ತಾರೆ, ಜೊತೆಗೆ ಮದ್ದಳೆ, ಚೆಂಡೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಮಾತಾಗಿ ಬೆಳೆಸುತ್ತಾರೆ. ಬರೆದಿಟ್ಟದ್ದು ಪದ್ಯ ಮಾತ್ರ. ಅರ್ಥ ಅಲ್ಲೇ, ಆ ಹೊತ್ತಿಗೇ ಹುಟ್ಟಬೇಕು. ಹಾಗಾಗಿ ಕಥೆಯನ್ನು ಮೊದಲೇ ತಿಳಿದು ಹೋಗಿ. ಮುಂದೇನಾಯಿತು ಎಂದು ಕಾಯುವವರಿಗಿಂತ, ಆದದ್ದನ್ನು ಇವತ್ತಿನ ಅರ್ಥಧಾರಿ ಹೇಗೆ ಸಮರ್ಥಿಸಿಕೊಳ್ಳುತ್ತಾನೆ ಎಂದು ಕಾಯುವವರಿಗೆ ಈ ಕಲೆ ಹೆಚ್ಚು ಕೊಡುತ್ತದೆ.

‘ಗಾಂಡೀವ ನಿಂದನೆ’ಯ ಕಥೆ ಇಷ್ಟು: ಕುರುಕ್ಷೇತ್ರದ ಹದಿನೇಳನೆಯ ದಿನ. ಕರ್ಣನ ಬಾಣಗಳಿಂದ ಜರ್ಜರಿತನಾದ ಧರ್ಮರಾಯ ಬಿಡಾರಕ್ಕೆ ಮರಳಿ ಮಲಗಿದ್ದಾನೆ. ಅಣ್ಣನ ಯೋಗಕ್ಷೇಮ ನೋಡಲು ಅರ್ಜುನ ಕೃಷ್ಣನೊಡನೆ ರಣರಂಗ ಬಿಟ್ಟು ಬರುತ್ತಾನೆ. ಕರ್ಣನನ್ನು ಕೊಂದೇ ಬಂದಿದ್ದಾನೆಂದು ಧರ್ಮರಾಯ ಹಿಗ್ಗುತ್ತಾನೆ. ಕೊಂದಿಲ್ಲವೆಂದು ತಿಳಿದದ್ದೇ ತಡ, ನಿನ್ನ ಆ ಗಾಂಡೀವ ಬಿಲ್ಲನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಹಂಗಿಸುತ್ತಾನೆ. ಹಾಗೆಂದವರ ತಲೆ ಕಡಿಯುವೆನೆಂಬುದು ಅರ್ಜುನನ ಗುಟ್ಟಿನ ವ್ರತ. ಅವನು ಕತ್ತಿ ಹಿರಿಯುತ್ತಾನೆ.

ತಾಳಮದ್ದಳೆ ಕೂಟಕ್ಕೆ ಹೋಗುವ ಮುನ್ನ ಭಗವದ್ಗೀತೆಯ ಎರಡು ಕಡೆ ಕಣ್ಣಾಡಿಸಿ. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನನ್ನು ಅಪಕೀರ್ತಿಯ ಮಾತೆತ್ತಿಯೇ ಎಬ್ಬಿಸುತ್ತಾನೆ: ಮಾನವಂತನಿಗೆ ಅದು ಸಾವಿಗಿಂತ ಕೆಟ್ಟದ್ದು, ಹಗೆಗಳು ಆಡಬಾರದ್ದನ್ನು ಆಡಿಕೊಳ್ಳುತ್ತಾರೆ. ಹನ್ನೆರಡನೆಯ ಅಧ್ಯಾಯಕ್ಕೆ ಬರುವಾಗ ಮಾನ–ಅವಮಾನ, ನಿಂದೆ–ಸ್ತುತಿಗಳಲ್ಲಿ ಸಮನಾಗಿರುವವನೇ ತನಗೆ ಪ್ರಿಯ ಎನ್ನುತ್ತಾನೆ. ಬ್ರಾಹ್ಮಣನಾದವನು ಸನ್ಮಾನಕ್ಕೆ ವಿಷದಂತೆ ಅಂಜಬೇಕು, ಅವಮಾನವನ್ನು ಅಮೃತದಂತೆ ಬಯಸಬೇಕು ಎಂದು ಮನುಸ್ಮೃತಿಯೂ ಹೇಳುತ್ತದೆ. ಈ ಮಾತುಗಳನ್ನು ಒಂದೇ ಉತ್ತರಕ್ಕೆ ಇಳಿಸಲು ಹೋಗಬೇಡಿ. ಯಾರಿಗೆ, ಯಾವ ಸ್ಥಿತಿಯಲ್ಲಿ, ಯಾವ ಕೆಲಸ ಎದುರಿಗಿರುವಾಗ ಹೇಳಿದ್ದು ಎಂಬುದರ ಮೇಲೆ ಶಾಸ್ತ್ರದ ಮಾತು ನಿಂತಿದೆ. ಅದು ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ತಾಳಮದ್ದಳೆಯಲ್ಲಿ ಒಬ್ಬರನ್ನೊಬ್ಬರು ಪ್ರಶ್ನಿಸುವ ಬಾಯಿಗಳಿಗೆ ಬಂದು ಕೂರುತ್ತದೆ. ಈ ಕಲೆಯನ್ನು ನಾನು ಇಷ್ಟು ಪ್ರೀತಿಸಲು ಮುಖ್ಯ ಕಾರಣವೇ ಅದು.

ಮೊದಲು ಧರ್ಮರಾಯನ ಪೀಠಿಕೆಯನ್ನು ಕೇಳಿ. ಇದು ಬಹಳ ಕಷ್ಟದ ಅರ್ಥ. ಅಜಾತಶತ್ರು ಎನಿಸಿಕೊಂಡವನು ತಮ್ಮನನ್ನು ಹೀಯಾಳಿಸುವುದು ಗಾಯದ ಉರಿಗೆ ಮಾತ್ರವಲ್ಲ, ಬೆನ್ನು ತೋರಿ ಬಂದ ನಾಚಿಕೆಗೆ. ಒಳಗೊಳಗೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವವನ ಮಾತು ಎದುರಿಗೆ ಸಿಕ್ಕ ತಮ್ಮನ ಮೇಲೆ ಹೋಗಿ ಬಿತ್ತು. ಪೀಠಿಕೆಯಲ್ಲಿ ಆ ನಾಚಿಕೆಯ ಸುಳಿವು ಸಿಕ್ಕಿದರೆ ಮುಂದಿನ ಬಿರುಸಿಗೆ ಬಲ ಬರುತ್ತದೆ. ಸಿಗದಿದ್ದರೆ ಅದು ಬರೀ ಬೈಗುಳ.

ಹಂಗಿಸುವ ಮಾತು ಬಿದ್ದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ನೀವು ತಟ್ಟದೆ, ಎದುರಿಗೆ ಕುಳಿತವರ ಮುಖ ನೋಡಿ. ಉಪಹಾಸದ ನಿಜವಾದ ಪರೀಕ್ಷೆ ಕೇಳಿಸಿಕೊಂಡವನದು. ಚುಚ್ಚು ಮಾತು ಪಾತ್ರಕ್ಕೆ ತಾಗುತ್ತಿದೆಯೋ, ಕಲಾವಿದನ ಖಾಸಗಿ ಬದುಕಿಗೋ ಎಂಬುದನ್ನೂ ಗಮನಿಸಿ. ಎರಡನೆಯದಾದರೆ ರಸ ಕೆಟ್ಟಿತೆಂದೇ ಲೆಕ್ಕ; ಎಷ್ಟೇ ನಗು ಬರಲಿ, ಅದಕ್ಕೆ ಮೆಚ್ಚುಗೆ ಸಲ್ಲದು. ಅಂಥ ಹೊತ್ತಿನಲ್ಲಿ ಮುಂದಿನ ಪದ್ಯ ಎತ್ತಿಕೊಂಡು ವಾದವನ್ನು ದಾರಿಗೆ ತರುವ ಭಾಗವತರ ವಿವೇಕವನ್ನು ಗುರುತಿಸಲು ಕಲಿಯಿರಿ.

ಪ್ರಸಂಗದ ಜೀವ ಇರುವುದು ಕೃಷ್ಣನ ಮಧ್ಯಸ್ಥಿಕೆಯಲ್ಲಿ. ಆಡಿದ ಮಾತು ನಡೆಸುವುದು ಧರ್ಮ ಎನ್ನುತ್ತಾನೆ ಅರ್ಜುನ. ಕೃಷ್ಣ ಕೌಶಿಕನ ಕಥೆ ಹೇಳುತ್ತಾನೆ: ಸತ್ಯವನ್ನೇ ಆಡುವೆನೆಂದು ಹೊರಟ ಆ ತಪಸ್ವಿ, ಅಡಗಿದ್ದವರ ದಾರಿಯನ್ನು ದರೋಡೆಕೋರರಿಗೆ ತೋರಿಸಿ ನರಕಕ್ಕೆ ಹೋದ. ಧರ್ಮ ಪ್ರಾಣಿಗಳನ್ನು ಕಾಯುವುದಕ್ಕೆ ಇರುವುದು. ಹಾಗಾದರೆ ವ್ರತದ ಗತಿ? ಕೃಷ್ಣನ ಉತ್ತರಕ್ಕೆ ಬೆರಗಾಗದವರಿಲ್ಲ. ಗೌರವಕ್ಕೆ ಅರ್ಹನಾದ ಹಿರಿಯನನ್ನು ಏಕವಚನದಲ್ಲಿ ಕರೆದು ಅವಮಾನಿಸು, ಅವನನ್ನು ಕೊಂದಂತೆಯೇ ಆಯಿತು. ಅರ್ಜುನ ಬೈಯುತ್ತಾನೆ. ಜೂಜನ್ನು, ರಾಜ್ಯನಾಶವನ್ನು, ಯುದ್ಧದಿಂದ ದೂರ ಕುಳಿತದ್ದನ್ನು ಎತ್ತಿ ಆಡುತ್ತಾನೆ. ಬೈದ ಮೇಲೆ ಪಶ್ಚಾತ್ತಾಪದಿಂದ ಮತ್ತೆ ಕತ್ತಿ ಹಿರಿಯುತ್ತಾನೆ, ಈ ಸಲ ತನ್ನನ್ನೇ ಕೊಂದುಕೊಳ್ಳಲು. ಅದಕ್ಕೂ ಕೃಷ್ಣನಲ್ಲಿ ದಾರಿಯಿದೆ: ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೋ, ಅದೇ ಆತ್ಮಹತ್ಯೆ.

ಇಲ್ಲಿ ಅರ್ಜುನನ ಅರ್ಥಧಾರಿಯನ್ನು ಕಿವಿಗೊಟ್ಟು ಕೇಳಬೇಕು. ಬೈಗುಳ ಕೊಲೆಯಂತೆ ಕೇಳಿಸಬೇಕು, ಬೈಯುವವನಿಗೂ ನೋಯಬೇಕು. ಆತ್ಮಪ್ರಶಂಸೆಯಂತೂ ವೀರಾವೇಶವಾಗಿ ಮೊಳಗಿತೋ ಅರ್ಥವೇ ತಲೆಕೆಳಗು. ಹೊಗಳಿಕೊಳ್ಳುತ್ತ ಹೊಗಳಿಕೊಳ್ಳುತ್ತ ಕುಗ್ಗುವ ದನಿ ಅಲ್ಲಿ ಬೇಕು. ಅದನ್ನು ಸಾಧಿಸಿದ ಕಲಾವಿದನ ಹೆಸರನ್ನು ನೆನಪಿಟ್ಟುಕೊಂಡು ಅವರ ಮುಂದಿನ ಕೂಟಕ್ಕೂ ಹೋಗಿ.

ಕರಾವಳಿ, ಮಲೆನಾಡು, ಕಾಸರಗೋಡುಗಳಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ತಾಳಮದ್ದಳೆ ಹೆಚ್ಚು. ದೂರದೂರಿನಲ್ಲಿರುವವರಿಗೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಧ್ವನಿಮುದ್ರಿಕೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮಲ್ಪೆ ರಾಮದಾಸ ಸಾಮಗ, ಕುಂಬ್ಳೆ ಸುಂದರ ರಾವ್ ಅವರನ್ನೂ ಕೇಳಿ. ವಾಲಿ, ರಾವಣರಂಥ ಪ್ರತಿನಾಯಕರಿಗೆ ಶೇಣಿಯವರು ಕೊಡುತ್ತಿದ್ದ ಘನತೆಯನ್ನು ಕೇಳಿದರೆ, ಸೋಲುವವನ ಮಾನವೂ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಮುಂದಿನ ಹೆಜ್ಜೆಯಾಗಿ ಕರ್ಣ–ಶಲ್ಯರ ಸಂವಾದವಿರುವ ಕೂಟವನ್ನು ಹುಡುಕಿ. ಕರ್ಣನ ತೇಜಸ್ಸನ್ನು ಕುಗ್ಗಿಸೆಂದು ಶಲ್ಯನನ್ನು ಮೊದಲೇ ಬೇಡಿಕೊಂಡವನು ಇದೇ ಧರ್ಮರಾಯ. ಸಾರಥಿಯಾಗಿ ಕುಳಿತ ಶಲ್ಯ, ಹಂಸದೊಡನೆ ಪಂತ ಕಟ್ಟಿದ ಕಾಗೆಯ ಕಥೆ ಹೇಳಿ ಕರ್ಣನನ್ನು ಹಂಗಿಸುತ್ತಾನೆ. ಕರ್ಣ ಸಿಡಿಯುತ್ತಾನೆ, ಬೆದರಿಸುತ್ತಾನೆ, ಶಲ್ಯನ ಮದ್ರದೇಶದವರನ್ನೆಲ್ಲ ಹಳಿಯುತ್ತಾನೆ. ಆದರೂ ವ್ಯಾಸಭಾರತದಲ್ಲಿ ಅವನು ಶಲ್ಯನನ್ನು ಸಹಿಸಿಕೊಳ್ಳಲು ಮೂರು ಕಾರಣ ಕೊಡುತ್ತಾನೆ: ಒಡೆಯನ ಕೆಲಸ ನನ್ನ ಮೇಲಿದೆ, ಗೆಳೆತನವಿದೆ, ನಿನ್ನ ಮಾತನ್ನು ಕ್ಷಮಿಸುವೆನೆಂದು ಒಪ್ಪಿದ್ದೇನೆ. ನೀವು ಕೇಳುವ ಕರ್ಣ ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡುತ್ತಾನೆ, ಗಮನಿಸಿ. ಒಬ್ಬೊಬ್ಬ ಅರ್ಥಧಾರಿಯದು ಒಂದೊಂದು ಆಯ್ಕೆ.