ಮೊದಲು ಒಳಮೈ ನೋಡಿ: ತಾಂಡಾದ ಕಸೂತಿಗೊಂದು ಕೈಪಿಡಿ

ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಓಡತೊಡಗಿದ್ದು 1874ರಲ್ಲಿ. ಅದಕ್ಕೂ ಮುಂಚೆ ಉಪ್ಪು, ಕಾಳು ಹೊತ್ತು ಊರೂರು ಸುತ್ತುತ್ತಿದ್ದವರು ಲಂಬಾಣಿಗರು. ಔರಂಗಜೇಬನ ದಂಡು ದಖನ್ನಿನಲ್ಲಿ ಬೀಡುಬಿಟ್ಟಾಗ ಅದರ ಹೊಟ್ಟೆ ತುಂಬಿಸಿದ್ದೂ ಇಂಥವರ ಎತ್ತುಗಳೇ. ರೈಲಿನ ಮುಂದೆ ಆ ಸಾಗಣೆ ನಡೆಯಲಿಲ್ಲ, ಅವರ ಬಿಡಾರಗಳಾದ ತಾಂಡಾಗಳು ನೆಲೆಯೂರಿದವು. ಅಲೆಮಾರಿ ದಿನಗಳ ಕಸೂತಿ ಮಾತ್ರ ಹೆಂಗಸರ ಕೈಯಲ್ಲಿ ಮುಂದುವರಿಯಿತು. ಚಿಂಚೋಳಿ ಕಡೆಯ ತಾಂಡಾದಲ್ಲಿ ಯಾರಾದರೂ ಅಜ್ಜಿಯ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಹೊರತೆಗೆದರೆ ಹೀಗೆ ನೋಡಿ.

ಒಳಮೈ: ಬಟ್ಟೆಯನ್ನು ಶಹಾಬಾದ್ ಫರಸಿಯ ಮೇಲೆ ಹರವಿ ಮಗುಚಿ ಹಾಕಿ. ಧಾರವಾಡದ ಕಸೂತಿ ಎರಡೂ ಬದಿಗೆ ಒಂದೇ ತೆರ, ಗಂಟು ಕಾಣದು. ಲಂಬಾಣಿ ಹೊಲಿಗೆಗೆ ಆ ಹಂಗಿಲ್ಲ. ಕೌದಿಯಂತೆ ಗಟ್ಟಿಯಾಗಿ ಬಾಳುವುದೇ ಅದರ ಗುರಿ. ಫೇಟಿಯಾ ಹರಿದರೆ ಕಸೂತಿಪಟ್ಟಿ ಬಿಚ್ಚಿ ಹೊಸ ಲಂಗಕ್ಕೆ ಕೂಡಿಸುತ್ತಾರೆ. ಹಾಗಾಗಿ ಒಂದೇ ಉಡುಪಿನಲ್ಲಿ ಎರಡು ತಲೆಮಾರಿನ ಬಟ್ಟೆ ಇರಬಹುದು. ಪಟ್ಟಿಯ ಅಂಚಿನಲ್ಲಿ ಹಳೆಯ ಸೂಜಿತೂತುಗಳನ್ನು ಹುಡುಕಿ.

ಬಣ್ಣ: ಬೇರಿನಿಂದ ತೆಗೆದ ಕೆಂಪು ಸವೆದಂತೆ ಇಟ್ಟಿಗೆಯ ಛಾಯೆಗೆ ಇಳಿಯುತ್ತದೆ. ಕಣ್ಣಿಗೆ ರಾಚುವ ಗುಲಾಬಿ, ನೇರಳೆ ದಾರವಿದ್ದರೆ ಆ ಹೊಲಿಗೆ ಬಹುಶಃ 1856ರ ಈಚಿನದು. ಮೊದಲ ರಾಸಾಯನಿಕ ಬಣ್ಣ ಲಂಡನ್ನಿನಲ್ಲಿ ತಯಾರಾದದ್ದೇ ಆ ವರ್ಷ.

ಕನ್ನಡಿ: ಊದಿದ ಗಾಜಿನಿಂದ ಕತ್ತರಿಸಿದ ಹಳೆಯ ಬಿಲ್ಲೆ ತುಸು ಉಬ್ಬಿರುತ್ತದೆ, ಅಂಚು ಓರೆಕೋರೆ. ಯಂತ್ರದ ಬಿಲ್ಲೆ ಚಪ್ಪಟೆ, ಒಂದರಂತೆ ಇನ್ನೊಂದು.

ಹೊಲಿಗೆ: ಕಿಲನ್, ವೇಲೆ, ಮಾಕಿ, ನಾಕ್ರಾ ಎಂದು ಹೊಲಿಗೆಗಳಿಗೆ ಹೆಸರುಂಟು. ಎಲ್ಲ ಒಮ್ಮೆಗೇ ಕಲಿಯುವ ಗೊಡವೆ ಬೇಡ. ಒಂದನ್ನು ಹಿಡಿದು ಅದು ಎಲ್ಲಿ ತಿರುಗುತ್ತದೆ, ಮೂಲೆಯಲ್ಲಿ ಹೇಗೆ ಹೊಂದುತ್ತದೆ ನೋಡಿ. ಹೊಲಿದವಳ ಜಾಣತನ ಗೊತ್ತಾಗುವುದು ಮೂಲೆಯಲ್ಲೇ.

ವ್ಯಾಪಾರಿ “ಹದಿನೆಂಟನೇ ಶತಮಾನದ್ದು” ಎಂದರೆ ಕೂಡಲೇ ತಲೆಯಾಡಿಸಬೇಡಿ. ಬಿಸಿಲು, ಬೆವರು, ದುಡಿಮೆಯಲ್ಲಿ ಮೈಮೇಲಿದ್ದ ಹತ್ತಿಬಟ್ಟೆ ಮುನ್ನೂರು ವರ್ಷ ಉಳಿಯುವುದು ಬಲು ಅಪರೂಪ. ಕಣ್ಣು ಪಳಗಿಸಲು ಹೊಸ ಕೆಲಸವೂ ಸಾಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಅದರ 1,755 ಕೃತಿಗಳು ಒಟ್ಟಿಗೆ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾಯಿತು.

ತಾಂಡಾದಲ್ಲಿ ಬೆಲೆ ಕೇಳುವ ಮುಂಚೆ, ಯಾವ ಪಟ್ಟಿ ಯಾರ ಫೇಟಿಯಾದಿಂದ ಬಂದದ್ದೆಂದು ಕೇಳಿ. ಕೆಲವು ಬಟ್ಟೆ ಮಾರಾಟಕ್ಕಲ್ಲ ಎಂಬುದು ಆಗಲೇ ತಿಳಿಯುತ್ತದೆ.