ದೀಪದ ಕಂಬದ ಕೆಳಗೆ ಬಾವಲಿ ಪಾಠ

ಬಾವಲಿಗಳ ಸದ್ದಿಗೆ ಕಿವಿಗೊಡುವ ಹವ್ಯಾಸಿಗಳಿಗೆ ಕೋಲಾರವೆಂದರೆ ಚಿನ್ನವಲ್ಲ, ಹನುಮನಹಳ್ಳಿಯ ಗವಿ. 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಕೋಲಾರದ ಎಲೆಮೂಗಿನ ಬಾವಲಿ ಈಗ ಉಳಿದಿರುವುದು ಅಲ್ಲೊಂದೇ ಕಡೆ ಎಂದು ತಿಳಿದಿದೆ. ಸಂಖ್ಯೆ 200ರ ಒಳಗೆಂಬ ಅಂದಾಜು. ತೇರಹಳ್ಳಿಯ ಗುಂಪು ಆಗಲೇ ಅಳಿದಿದೆ. ಜಿಲ್ಲೆಯ ಹೆಸರು ಹೊತ್ತ ಈ ಜೀವಿಯನ್ನು ಜನರಿಗೆ ಪರಿಚಯಿಸುವುದು ಹೇಗೆ? ಥಟ್ಟನೆ ಹೊಳೆಯುವುದು ಸಭಾಂಗಣದ ಉಪನ್ಯಾಸ, ಇಲ್ಲವೇ ಗವಿಗೊಂದು ಬಸ್ ಪ್ರವಾಸ. ಮೊದಲನೆಯದಕ್ಕೆ ಜನ ತೂಕಡಿಸುತ್ತಾರೆ, ಎರಡನೆಯದಕ್ಕೆ ಬಾವಲಿ ಬೆದರುತ್ತದೆ. ಹನುಮನಹಳ್ಳಿಗೆ ಯಾರನ್ನೂ ಕರೆದೊಯ್ಯದಿರುವುದೇ ಅದಕ್ಕೆ ಮಾಡುವ ದೊಡ್ಡ ಉಪಕಾರ.

ಪಾಠ ಶುರುವಾಗಬೇಕಾದದ್ದು ಅವರವರ ಬೀದಿಯ ದೀಪದ ಕಂಬದ ಕೆಳಗೆ. ಮಳೆ ನಿಂತ ಸಂಜೆ ಹುಳುಗಳು ಬೆಳಕಿಗೆ ಮುತ್ತಿದಾಗ ಸಣ್ಣ ಬಾವಲಿಗಳು ಬಂದೇ ಬರುತ್ತವೆ. ನಮ್ಮ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ಅವುಗಳ ಕೂಗು ಅದಕ್ಕೂ ಬಹಳ ಮೇಲೆ. ಅಂಗೈಯಗಲದ ಬ್ಯಾಟ್ ಡಿಟೆಕ್ಟರ್ ಆ ಕೂಗನ್ನು ಕೇಳುವ ಮಟ್ಟಕ್ಕೆ ಇಳಿಸುತ್ತದೆ. ಮೊದಲು ಬಿಡಿಬಿಡಿಯಾಗಿ ಟಪ್, ಟಪ್. ಹುಳು ಹತ್ತಿರವಾದಂತೆ ಸದ್ದು ಒತ್ತೊತ್ತಾಗಿ ಕೊನೆಗೆ ಝರ್ರ್ ಎನ್ನುತ್ತದೆ. ಪ್ರತಿಧ್ವನಿಯಿಂದ ಬೇಟೆ ಎಂಬುದು ಆಗ ಯಾರೂ ಹೇಳಿಕೊಟ್ಟ ಸಂಗತಿಯಲ್ಲ, ಕೇಳಿದವರೇ ಕಂಡುಕೊಂಡದ್ದು.

ಶ್ರೀನಿವಾಸಪುರದ ಮಾವಿನ ತೋಟದವರು ಇಲ್ಲಿ ತಕರಾರು ತೆಗೆಯಬಹುದು: ಹಣ್ಣು ಕಚ್ಚಿ ಕೆಡಿಸುವ ಪ್ರಾಣಿಗೆ ಇಷ್ಟು ಮರ್ಯಾದೆಯೇ? ಉತ್ತರ ಯಂತ್ರದಲ್ಲೇ ಇದೆ. ಹಣ್ಣು ತಿನ್ನುವ ದೊಡ್ಡ ಬಾವಲಿ ಕಣ್ಣು, ಮೂಗುಗಳನ್ನು ನಂಬಿ ಹಾರುವುದರಿಂದ ಅದು ತಲೆಯ ಮೇಲೆ ಹಾದರೂ ಯಂತ್ರ ಸುಮ್ಮನಿರುತ್ತದೆ. ಸದ್ದು ಕೇಳಿಸಿತೆಂದರೆ ಅದು ಬಹುತೇಕ ಹುಳು ಹಿಡಿಯುವ ಜಾತಿಯದು. 2018ರಲ್ಲಿ ಕೇರಳದ ನಿಪಾ ಸುದ್ದಿಯ ನಂತರ ಅಂಟಿದ ಭಯಕ್ಕೂ ಈ ಭೇದ ಮುಖ್ಯ: ಆ ವೈರಾಣುವಿನ ನೆಲೆ ಹಣ್ಣುಬಾವಲಿ. ಯಾವುದನ್ನೂ ಮುಟ್ಟದೆ ದೂರದಿಂದಲೇ ಕೇಳುವ ಹವ್ಯಾಸವಿದು ಎಂಬುದು ಇನ್ನೊಂದು ಸಮಾಧಾನ.

ಇದು ಬರೀ ಮೋಜು, ವಿಜ್ಞಾನವಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಂದು ಸಂಜೆ ಕೇಳಿ ಮನೆಗೆ ಹೋದರೆ ಮೋಜೇ ಸರಿ. ಕೇಳುವ ಮೊದಲು ಊಹೆ ಬರೆಸಬೇಕು: ದೀಪದಡಿ ಹೆಚ್ಚೋ, ಕತ್ತಲ ಕೆರೆಯೇರಿಯ ಮೇಲೆ ಹೆಚ್ಚೋ? ಎರಡೂ ಕಡೆ ಹತ್ತತ್ತು ನಿಮಿಷ ಎಣಿಸಬೇಕು, ವಾರ ಬಿಟ್ಟು ಮತ್ತೆ ಎಣಿಸಬೇಕು. ಊಹೆ ತಪ್ಪಿದ ದಿನವೇ ಪಾಠ ಚೆನ್ನಾಗಿ ಹತ್ತುತ್ತದೆ. ಎಲ್ಲರೂ ಯಂತ್ರ ಕೊಳ್ಳಲಾರರು, ನಿಜ. ಮಾಲೂರು, ಮುಳಬಾಗಿಲಿನ ಗ್ರಂಥಾಲಯಗಳು ಪುಸ್ತಕ ಎರವಲು ಕೊಡುವಂತೆ ತಲಾ ಒಂದು ಡಿಟೆಕ್ಟರನ್ನೂ ಕೊಡಲಿ.