ಒಂದೇ ಎಂಜಿನ್, ಎರಡು ದುಡಿಮೆ

ಮೈಸೂರು–ಎಚ್.ಡಿ. ಕೋಟೆ ರಸ್ತೆಯ ಹಂಪಾಪುರದ ಸುತ್ತ ಹತ್ತಿ, ಹೊಗೆಸೊಪ್ಪು ಬೆಳೆಯುವ ಹೊಲಗಳಿವೆ. ಅಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ ಮುರಿಯುವುದು ವರ್ಕ್‌ಶಾಪಿನ ಬಾಗಿಲಲ್ಲೇ ಆಗಬೇಕೆಂದೇನಿಲ್ಲವಲ್ಲ! ಕರೆಂಟು ಕಂಬ ಕಾಣದ ಮೂಲೆಗೆ ಹೇಳಿ ಮಾಡಿಸಿದ ಯಂತ್ರ ಡೀಸೆಲ್ ವೆಲ್ಡಿಂಗ್ ಜನರೇಟರ್.

ಇದರ ಒಂದೇ ಎಂಜಿನ್ ಎರಡು ಬಗೆಯ ಕರೆಂಟು ಕೊಡುತ್ತದೆ. ವೆಲ್ಡಿಂಗ್ ಕೇಬಲ್ಲಿಗೆ ಕಡಿಮೆ ವೋಲ್ಟೇಜು, ಭಾರಿ ಆಂಪಿಯರ್. ಪಕ್ಕದ ಸಾಕೆಟ್ಟಿಗೆ ಗ್ರೈಂಡರ್, ಬಲ್ಬು ನಡೆಸುವ 230 ವೋಲ್ಟ್.

ಇದರ ಸೊಗಸು ಕಿವಿಗೆ ಗೊತ್ತಾಗುತ್ತದೆ. 3.15 ಮಿ.ಮೀ. ವೆಲ್ಡಿಂಗ್ ರಾಡಿಗೆ ಸುಮಾರು 110 ಆಂಪಿಯರ್ ಇಟ್ಟು ಕಬ್ಬಿಣಕ್ಕೆ ತಾಗಿಸಿದೊಡನೆ ಎಂಜಿನ್ನಿನ ಸದ್ದು ಒಮ್ಮೆ ಕುಗ್ಗುತ್ತದೆ. ಎಂಜಿನ್ನಿನ ವೇಗ ಕಾಯುವ ಗವರ್ನರ್ ಡೀಸೆಲ್ ಹೆಚ್ಚಿಸಿ ಮತ್ತೆ ಹದಕ್ಕೆ ತರುತ್ತದೆ. ಅದೇ ಹೊತ್ತಿಗೆ ಜೊತೆಗಾರ ಗ್ರೈಂಡರ್ ಹಾಕಿದರೆ? ಶಕ್ತಿ ಹಂಚಿಹೋಗಿ ಆರ್ಕ್ ಸೊರಗಬಹುದು, ರಾಡು ಅಂಟಿಕೊಳ್ಳಬಹುದು. ಪಳಗಿದವರು ಮೊದಲು ತುಕ್ಕು ಉಜ್ಜಿ, ಗ್ರೈಂಡರ್ ಆರಿಸಿ, ಬೆಸುಗೆಯ ಹತ್ತಿರವೇ ಬಣ್ಣ ಕೆರೆದ ಜಾಗಕ್ಕೆ ಅರ್ತ್ ಕ್ಲಾಂಪ್ ಕಚ್ಚಿಸಿ, ಆಮೇಲೆ ರಾಡಿನ ಹೋಲ್ಡರ್ ಹಿಡಿಯುತ್ತಾರೆ.

ಕರೆಂಟು ಹೋದಾಗ ಈ ಜನರೇಟರನ್ನೇ ಮನೆಯ ಲೈನಿಗೆ ಸಿಕ್ಕಿಸುವ ಜಾಣತನ ಮಾತ್ರ ಬೇಡ. ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಕರೆಂಟು ಹಿಮ್ಮುಖವಾಗಿ ಹರಿದು ಕಂಬದ ಮೇಲಿರುವ ಲೈನ್‌ಮನ್ನನ ಜೀವ ತೆಗೆಯಬಹುದು.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಒಳಗೆ ಇದನ್ನು ನಡೆಸುವಂತಿಲ್ಲ. ಬ್ಯಾರನ್ನಿನ ರಿಪೇರಿಗೆ ಬಂದರೆ ಯಂತ್ರ ಹೊರಗೆ, ಕೇಬಲ್ ಒಳಗೆ. ಕೆಲಸ ಮುಗಿದ ತಕ್ಷಣ ಎಂಜಿನ್ ಆರಿಸುವುದೂ ಇಲ್ಲ. ಬಿಸಿಯಾದ ವೈಂಡಿಂಗಿಗೆ ಫ್ಯಾನಿನ ಗಾಳಿ ಸಿಗಲೆಂದು ಲೋಡಿಲ್ಲದೆ ಕೆಲವು ನಿಮಿಷ ಓಡಲು ಬಿಡುತ್ತಾರೆ.